ನಾಯಿಗೆ ಹುಷಾರಿಲ್ಲ, ಪ್ರಶ್ನೆ ಮಾತ್ರ ನಮಗೆ: ಯಾಕೆ ಡಾಕ್ಟರ್?

ಪ್ರಶ್ನೆ: ಸರ್, ನಾವು ವಿಜಯಪುರದವರು. ನಾನು ಶಾಲೆಯಲ್ಲಿ ಟೀಚರ್. ಮನೆಯಲ್ಲಿ 7 ವರ್ಷದ ಲ್ಯಾಬ್ರಡಾರ್ ಹೆಣ್ಣು ನಾಯಿ ಇದೆ, ಹೆಸರು ರಾಣಿ. ನಾಲ್ಕೈದು ದಿನದಿಂದ ಊಟ ಬಿಟ್ಟಿದೆ, ನೀರು ಮಾತ್ರ ಬಕೆಟ್‌ಗಟ್ಟಲೆ ಕುಡಿಯುತ್ತದೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ನಾಯಿಯನ್ನು ಮುಟ್ಟುವ ಮೊದಲೇ ನಮಗೆ ಪ್ರಶ್ನೆಗಳ ಮಳೆ ಸುರಿಸಿದರು. ಏನು ತಿಂದಿತ್ತು, ಯಾರು ಊಟ ಹಾಕುತ್ತೀರಿ, ಹೀಟಿಗೆ ಯಾವಾಗ ಬಂದಿತ್ತು ಅಂತೆಲ್ಲ. ಮಾವನವರ ಎದುರು ನನಗೆ ತುಂಬ ಮುಜುಗರವಾಯಿತು. (ಹೀಟಿಗೆ ಬಂದು ಸುಮಾರು ಒಂದೂವರೆ ತಿಂಗಳಾಗಿತ್ತು.) ಒಂದು ಇಂಜೆಕ್ಷನ್ ಕೂಡ ಕೊಡಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ಅಂದರು. ನಾವು ಸಿಟ್ಟಿನಿಂದ ವಾಪಸ್ ಬಂದೆವು. ನನ್ನ ತವರುಮನೆ ಇಂಡಿ ಕಡೆ. ಅಲ್ಲಿ ಎಮ್ಮೆಗೆ ಹುಷಾರಿಲ್ಲ ಅಂದರೆ ಡಾಕ್ಟರ್ ಬಂದು ಐದು ನಿಮಿಷದಲ್ಲಿ ಸೂಜಿ ಮಾಡಿ ಹೋಗುತ್ತಾರೆ, ಎಮ್ಮೆ ಎದ್ದು ನಿಲ್ಲುತ್ತದೆ. ನಾಯಿಗೆ ಮಾತ್ರ ಯಾಕೆ ಇಷ್ಟೊಂದು? ಇದು ದುಡ್ಡು ಮಾಡುವ ದಾರಿಯಾ? ಮನೆಯಲ್ಲಿ ಒಂದು ಗಂಡು ಬೆಕ್ಕೂ ಇದೆ. ಅದಕ್ಕಾದರೂ ಬೇರೆ ಡಾಕ್ಟರ್ ಹುಡುಕಲೇ?

ಉತ್ತರ: ಈ ಪ್ರಶ್ನೆ ಓದಿದ ಮೇಲೆ ನಾನು ಬರೆಯಲು ಕೂಡಲಿಲ್ಲ. ಮೊದಲು ಟೀಚರ್‌ಗೆ ಫೋನ್ ಮಾಡಿದೆ. "ಮೇಡಂ, ದುಡ್ಡಿನ ಜಗಳ ಆಮ್ಯಾಲೆ ಮಾಡೋಣ್ರಿ. ಇವತ್ತೇ ಸ್ಕ್ಯಾನಿಂಗ್ ಮಾಡಿಸ್ರಿ" ಅಂದೆ. ಮಾಡಿಸಿದರು. ಗರ್ಭಕೋಶದ ತುಂಬ ಕೀವು. ಮರುದಿನವೇ ಆಪರೇಶನ್ ಆಯಿತು. ರಾಣಿ ಈಗ ಊಟ ಮಾಡುತ್ತಿದ್ದಾಳೆ. ಅವರ ಒಪ್ಪಿಗೆ ಪಡೆದೇ ಪ್ರಶ್ನೆಯನ್ನು ಇಲ್ಲಿ ಹಾಕಿದ್ದೇನೆ. ಯಾಕೆಂದರೆ ಇದೇ ದೂರು ನನ್ನ ಕ್ಲಿನಿಕ್ಕಿನಲ್ಲೂ ಮತ್ತೆ ಮತ್ತೆ ಕೇಳುತ್ತದೆ. "ನಾಯಿ ನೋಡ್ರಿ ಅಂದ್ರ ನಮ್ಮನ್ನ ವಿಚಾರಣೆ ಮಾಡ್ತೀರಲ್ರಿ ಡಾಕ್ಟ್ರ!"

ಟೀಚರ್, ನಿಮಗೆ ಮುಜುಗರ ತಂದ ಆ ಪ್ರಶ್ನೆ ಇದೆಯಲ್ಲ, ರಾಣಿಯ ಕಾಯಿಲೆಯ ಸುಳಿವು ಇದ್ದದ್ದು ಅದರಲ್ಲೇ.

ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಹೀಟಿಗೆ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸು ಇದ್ದಂತೆ ಅದಕ್ಕೆ ಇಲ್ಲ. ಮುದಿಯಾದರೂ ಬರುತ್ತಲೇ ಇರುತ್ತದೆ. ಹೀಟ್ ಮುಗಿದ ಮೇಲೆ ಗಬ್ಬ ನಿಲ್ಲಲಿ, ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಮೈಯಲ್ಲಿ ಜಾಸ್ತಿ ಇರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ. ಅಲ್ಲಿ ರೋಗಾಣುಗಳ ಜೊತೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಮರಿ ನಿಲ್ಲಲಿ ಅಂತ ದೇಹ ಮಾಡಿಕೊಂಡ ಏರ್ಪಾಡು ಅದು. ಮರಿ ಇಲ್ಲದೆ ವರ್ಷ ವರ್ಷ ಇದೇ ನಡೆದರೆ ಒಳಪದರ ಕೆಡುತ್ತದೆ. ಆಗ ರೋಗಾಣು ಹೊಕ್ಕರೆ ಕೀವು ತುಂಬುತ್ತದೆ. ಹೆಚ್ಚಾಗಿ ಅದು ಕರುಳಿನಲ್ಲಿ ಇರುವ ಇ. ಕೋಲೈ. ಈ ಕಾಯಿಲೆಗೆ ಪಯೋಮೆಟ್ರಾ ಅನ್ನುತ್ತೇವೆ.

ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರುತ್ತದೆ. ಫರಸಿಯ ಮೇಲೆ ಕಲೆ ಕಂಡು ಮನೆಯವರು ಓಡಿ ಬರುತ್ತಾರೆ. ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಹೊಟ್ಟೆ ಸ್ವಲ್ಪ ಊದಿರುತ್ತದೆ, ಅಷ್ಟೇ. ಅಪಾಯ ಜಾಸ್ತಿ ಇರುವುದು ಇದರಲ್ಲೇ. ರೋಗಾಣುವಿನ ವಿಷ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕಾಡುತ್ತದೆ. ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಉಚ್ಚೆ ಜಾಸ್ತಿ, ಹಾಗಾಗಿ ಬಾಯಾರಿಕೆಯೂ ಜಾಸ್ತಿ. ನಿಮ್ಮ ಬಕೆಟ್ ಖಾಲಿಯಾಗುತ್ತಿದ್ದದ್ದು ಇದಕ್ಕೇ.

ನೀರು ಜಾಸ್ತಿ ಕುಡಿಯುವುದಕ್ಕೆ ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ ಇರಬಹುದು, ಕಿಡ್ನಿಯದೇ ತೊಂದರೆ ಇರಬಹುದು, ಸುಮ್ನೆ ನಮ್ಮೂರಿನ ಬಿಸಿಲೂ ಇರಬಹುದು. ಆದರೆ ಏಳು ವರ್ಷದ, ಆಪರೇಶನ್ ಆಗದ ಹೆಣ್ಣು ನಾಯಿ, ಹೀಟಿಗೆ ಬಂದು ಒಂದೂವರೆ ತಿಂಗಳು ಅಂದ ಕೂಡಲೇ ಯಾವ ಪಶುವೈದ್ಯನ ತಲೆಯಲ್ಲೂ ಗಂಟೆ ಹೊಡೆಯುತ್ತದೆ. ಹೀಟ್ ಮುಗಿದು ಒಂದೆರಡು ತಿಂಗಳಲ್ಲೇ ಇದು ಹೆಚ್ಚಾಗಿ ಬರುವುದು. ನಿಮ್ಮ ಡಾಕ್ಟರ್ ಸ್ಕ್ಯಾನಿಂಗ್ ಕೇಳಿದ್ದು ಅದಕ್ಕೆ. ಇಂಜೆಕ್ಷನ್ ಕೊಡದೆ ಇದ್ದದ್ದೂ ಅದಕ್ಕೆ. ಬರೀ ಸೂಜಿಯಿಂದ ಕೀವು ಹೋಗುವುದಿಲ್ಲ. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುವುದೇ ಸರಿಯಾದ ಚಿಕಿತ್ಸೆ.

ಮರಿ ಬೇಡ ಅನ್ನುವವರು ನಾಯಿ ಚಿಕ್ಕದಿರುವಾಗಲೇ ಆಪರೇಶನ್ ಮಾಡಿಸಿಬಿಡಿ. ಯಾವ ವಯಸ್ಸಿನಲ್ಲಿ ಅನ್ನುವುದು ತಳಿ ನೋಡಿ ಡಾಕ್ಟರ್ ಹೇಳುತ್ತಾರೆ. "ಒಂದ್ಸಲ ಮರಿ ಹಾಕ್ಲಿ, ಆಮ್ಯಾಲೆ ನೋಡೋಣ" ಅನ್ನುವ ಮಾತಿನಿಂದ ನಾಯಿಗೆ ಯಾವ ಲಾಭವೂ ಇಲ್ಲ. ಹೀಟಿಗೆ ಬರದಿರಲಿ, ಗಬ್ಬ ನಿಲ್ಲದಿರಲಿ ಅಂತ ಹಾರ್ಮೋನ್ ಸೂಜಿ ಹಾಕಿಸುವವರೂ ಇದ್ದಾರೆ. ಆ ಸೂಜಿಗಳಿಂದ ಇದೇ ಪಯೋಮೆಟ್ರಾದ ಅಪಾಯ ಹೆಚ್ಚಾಗುತ್ತದೆ.

ಇನ್ನು ಮುಜುಗರದ ಮಾತು. ನಿಮ್ಮ ತವರಿನಲ್ಲಿ "ಆಕಳು ಬೆದಿಗೆ ಬಂದೈತಿ" ಅಂತ ಗಂಡಸರು ಚಹಾದಂಗಡಿಯಲ್ಲಿ ಕೂತು ಎಲ್ಲರ ಎದುರು ಮಾತಾಡುತ್ತಾರೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆಯೊಳಗೆ ಕೃತಕ ಗರ್ಭಧಾರಣೆ ಆಗಬೇಕು. ನಾಚಿಕೊಂಡು ಕೂತರೆ ಮೂರು ವಾರ ಕಾಯಬೇಕು, ಅಷ್ಟು ದಿನದ ಹಾಲು ಹೋಯಿತು. ಅದೇ ಮನೆಯ ಮಗಳು ಪಟ್ಟಣಕ್ಕೆ ಬಂದು ನಾಯಿ ಸಾಕಿದರೆ ಆ ಮಾತು ಆಡಬಾರದ್ದು ಆಗುತ್ತದೆ. ಮಾವನವರು ಬೇಜಾರು ಮಾಡಿಕೊಂಡಿರಲಾರರು. ಅವರೂ ದನ ಕಟ್ಟಿದ ಮನೆಯವರೇ ಇದ್ದಾರು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಎಮ್ಮೆಗೆ ಐದು ನಿಮಿಷ, ನಾಯಿಗೆ ಅರ್ಧ ಗಂಟೆ ಯಾಕೆ?

ನಾನು ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಬಹಳ ಕಾಲ ಕೆಲಸ ಮಾಡಿ, ಆಮೇಲೆ ನಗರಕ್ಕೆ ಬಂದವನು. ಆ ಐದು ನಿಮಿಷದ ಗುಟ್ಟು ಇಷ್ಟೇ: ನಾವು ಕೇಳಬೇಕಾದ್ದನ್ನೆಲ್ಲ ರೈತ ತಾನೇ ಹೇಳಿ ಮುಗಿಸಿರುತ್ತಾನೆ. ನಾನು ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಶುರು. "ಮೊನ್ನೆ ರಾತ್ರಿ ಈದೈತ್ರಿ ಸಾಹೇಬ್ರ. ಇದು ನಾಕನೇ ಸೂಲು. ನಿನ್ನೆ ಸಂಜೀತನಕ ಚಲೋ ಇತ್ತು. ಮುಂಜಾನಿಂದ ಎದ್ದಿಲ್ಲ. ಕುತ್ತಿಗಿ ಹೊಳ್ಳಿಸಿ ಹೊಟ್ಟಿ ಕಡೆ ಇಟ್ಕೊಂಡೈತಿ. ಕಿವಿ ತಣ್ಣಗ ಹತ್ತಾಕತ್ತಾವು." ಮುಗಿಯಿತಲ್ಲ! ಇದು ಹಾಲುಜ್ವರ. ಈದ ಮೇಲೆ ಹಾಲಿಗೆ ಸುಣ್ಣದ ಅಂಶ ಒಮ್ಮೆಲೇ ಹರಿದು ಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ. ಹೃದಯದ ಬಡಿತ ಕೇಳಿಸಿಕೊಳ್ಳುತ್ತ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನವಾಗಿ ಬಿಟ್ಟರೆ, ಎಷ್ಟೋ ಸಲ ನಾನು ಕೈ ತೊಳೆದುಕೊಳ್ಳುವಷ್ಟರಲ್ಲಿ ಎಮ್ಮೆ ಎದ್ದಿರುತ್ತದೆ. ಊರವರಿಗೆ ಕಾಣುವುದು ಸೂಜಿ. ಕಾಯಿಲೆ ಹಿಡಿದವನು ರೈತ, ಹೆಸರು ಬರುವುದು ನನಗೆ.

ಅವನಿಗೆ ಇಷ್ಟೆಲ್ಲ ಹೇಗೆ ಗೊತ್ತು? ದಿನಕ್ಕೆ ಎರಡು ಸಲ ಕೆಚ್ಚಲಿಗೆ ಕೈ ಹಾಕುತ್ತಾನೆ. ಅರ್ಧ ಲೀಟರ್ ಹಾಲು ಕಡಿಮೆಯಾದರೂ ಡೇರಿಯ ಪುಸ್ತಕದಲ್ಲಿ ಬರುತ್ತದೆ. ಮೆಲುಕು ಹಾಕಿತೋ ಇಲ್ಲವೋ, ಸಗಣಿ ಗಟ್ಟಿಯೋ ತೆಳುವೋ, ದಿನಾ ಕಸ ಬಳಿಯುವವರಿಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳ ಮೇಯ್ದು ಆಕಳು ಬಿದ್ದಾಗ "ಎಲ್ಲಿ ಮೇಯ್ದಿತ್ತು" ಅನ್ನುವ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ಆ ಜೋಳದಲ್ಲಿ ಸೈನೈಡ್ ವಿಷ ಇರುತ್ತದೆ. ಅದಕ್ಕೆ ಬೇರೆಯೇ ಮದ್ದು, ಅದೂ ನಿಮಿಷಗಳ ಲೆಕ್ಕದಲ್ಲಿ. ದನ ಕಾಯುವ ಹುಡುಗ ಹೆದರಿಕೊಂಡು ಸುಳ್ಳು ಹೇಳಿದರೆ ಆಕಳು ಹೋಯಿತು.

ಪಟ್ಟಣದ ನಾಯಿಯ ಕಥೆ ಬೇರೆ. ಅದಕ್ಕೆ ಹಾಲಿನ ಅಳತೆ ಇಲ್ಲ. ಬೆಳಿಗ್ಗೆ ವಾಕಿಂಗ್ ಕರೆದೊಯ್ಯುವವರು ಯಜಮಾನರು, ಭೇದಿ ನೋಡಿದ್ದು ಅವರು. ವಾಂತಿ ಒರೆಸಿದ್ದು ಮನೆ ಕೆಲಸದ ಅಕ್ಕ. ಊಟ ಹಾಕಿದ್ದು ಅಮ್ಮ. ಆಮೇಲೆ ಕದ್ದು ಬಿಸ್ಕಿಟ್ ಹಾಕಿದ್ದು ಅಜ್ಜ. ಕ್ಲಿನಿಕ್ಕಿಗೆ ಕರೆತರುವವನು ಮಾತ್ರ ಆವತ್ತು ರಜೆ ಇದ್ದ ಮಗ. ಅವನಿಗೆ ಗೊತ್ತಿರುವುದು ಒಂದೇ: "ಡಲ್ ಆಗಿದೆ ಸರ್." ಎಲ್ಲರೂ ಒಟ್ಟಿಗೆ ಬಂದರೆ ಇನ್ನೊಂದು ತಮಾಷೆ. ಎರಡು ದಿನದಿಂದ ಅಂತ ಅಮ್ಮ, ವಾರದಿಂದ ಅಂತ ಮಗಳು. ಟೇಬಲ್ ಮೇಲೆ ನಾಯಿ, ಸುತ್ತ ಜಗಳ. ನಾನು ಜಗಳ ಬಿಡಿಸುವುದಿಲ್ಲ. ಹಾಗೆ ಜಗಳ ಆಡುವಾಗಲೇ ನಿಜ ಹೊರಗೆ ಬೀಳುತ್ತದೆ.

ಅದರಲ್ಲೂ ಮನೆಯವರು ಹೇಳದೆ ಬಿಡುವ ಒಂದು ಮಾತಿದೆ. ಮನೆಯಲ್ಲೇ ಏನೋ ಔಷಧ ಕೊಟ್ಟಿರುತ್ತಾರೆ. "ಏನರ ಗುಳಿಗೆ ಕೊಟ್ಟೀರೇನ್ರಿ?" ಅಂದರೆ "ಇಲ್ರಿ, ಏನೂ ಕೊಟ್ಟಿಲ್ರಿ" ಅಂತ ಅಷ್ಟೂ ಜನ ಒಂದೇ ದನಿಯಲ್ಲಿ ಹೇಳುತ್ತಾರೆ. ಕೊನೆಗೆ ಸಣ್ಣ ಹುಡುಗ ಹೇಳುತ್ತಾನೆ: "ಅಜ್ಜಿ ಬಿಳೀ ಗುಳಿಗೆ ಕೊಟ್ಟಾಳಲ್ಲ!" ಆ ಹುಡುಗನ ಮೇಲೆ ಎಲ್ಲರ ಕಣ್ಣು ಕೆಂಪಾಗುತ್ತದೆ. ನನಗೆ ಮಾತ್ರ ಅವನನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತದೆ.

ಆ ಬಿಳೀ ಗುಳಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್. ನಾವು ಜ್ವರಕ್ಕೆ, ಮೈಕೈ ನೋವಿಗೆ ನುಂಗುವ 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಬೇಗ ತಂದರೆ ಮದ್ದು ಇದೆ. ಆದರೆ ಕೊಟ್ಟಿದ್ದೇವೆ ಅಂತ ಹೇಳಬೇಕಲ್ಲ? ನಾಯಿಗಳಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳ ಹಾವಳಿ. ಮೊಣಕಾಲು ನೋವಿನ ಅಜ್ಜಿ ತನ್ನ ಹಾಗೇ ಕುಂಟುವ ನಾಯಿಗೆ ಕರುಣೆಯಿಂದ ಒಂದು ಕೊಡುತ್ತಾಳೆ. ಹೊಟ್ಟೆಯಲ್ಲಿ ಹುಣ್ಣಾಗಿ ಕಪ್ಪು ಭೇದಿ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು. (ಡೈಕ್ಲೊಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ದೇಶದ ತುಂಬ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನೇ ಸರಕಾರ ನಿಷೇಧಿಸಿತು.) ದನದ ಉಣ್ಣೆಹುಳಕ್ಕೆ ಹಚ್ಚುವ ಔಷಧವನ್ನು ಅಂದಾಜಿನ ಮೇಲೆ ನಾಯಿಗೂ ಬೆಕ್ಕಿಗೂ ಸುರಿಯುವವರಿದ್ದಾರೆ. ಬೆಕ್ಕು ನಡುಗುತ್ತ, ಸೆಟೆದುಕೊಂಡು ಬರುತ್ತದೆ. "ಸುಮ್ನೆ ನಡಗಾಕತ್ತೈತ್ರಿ" ಅನ್ನುತ್ತಾರೆ.

ತಿನ್ನುವುದರಲ್ಲೂ ಹಾಗೇ. ನಮ್ಮ ಜಿಲ್ಲೆ ದ್ರಾಕ್ಷಿಯ ಜಿಲ್ಲೆ. ತಿಕೋಟಾ ಕಡೆ ಹೋದರೆ ಒಣದ್ರಾಕ್ಷಿ ಶೆಡ್‌ಗಳು ಸಾಲುಸಾಲು. ಮನೆಮನೆಯಲ್ಲಿ ಡಬ್ಬಿ ತುಂಬ ಒಣದ್ರಾಕ್ಷಿ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ವಿಷ. ಒಂದು ನಾಯಿ ಹಿಡಿ ತುಂಬ ತಿಂದೂ ಅರಗಿಸಿಕೊಳ್ಳಬಹುದು. ಇನ್ನೊಂದು ನಾಲ್ಕು ಕಾಳಿಗೇ ಮಲಗಬಹುದು. ಎಷ್ಟು ತಿಂದರೆ ಅಪಾಯ ಅಂತ ಗೆರೆ ಎಳೆಯಲು ಆಗುವುದಿಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಕಾರಣ ಅನ್ನುವ ಅನುಮಾನ ಈಗ ಬಲವಾಗಿದೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಇದೆ, ಹಾಗಾಗಿ ಅದನ್ನೂ ದೂರ ಇಡಿ. ಮೊದಲು ವಾಂತಿ, ಒಂದು, ಎರಡು, ಹೆಚ್ಚೆಂದರೆ ಮೂರು ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ತಿಂದ ಒಂದೆರಡು ಗಂಟೆಯೊಳಗೆ ತಂದರೆ ವಾಂತಿ ಮಾಡಿಸಿ, ಸಲಾಯಿನ್ ಹಾಕಿ ಉಳಿಸಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ.

ಉಳ್ಳಾಗಡ್ಡಿಯೂ ಅಷ್ಟೇ. ನಮ್ಮ ಕಡೆ ಉಳ್ಳಾಗಡ್ಡಿ ಇಲ್ಲದ ಅಡುಗೆ ಯಾವುದಿದೆ ಹೇಳಿ? ಅದು ನಾಯಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಬೆಳ್ಳುಳ್ಳಿಯೂ ಅದೇ ಜಾತಿ. ಲಕ್ಷಣ ಕಾಣುವುದು ಕೆಲವು ದಿನ ಬಿಟ್ಟು. ಅಷ್ಟರಲ್ಲಿ ಪಲ್ಯ ತಿಂದದ್ದು ಯಾರಿಗೆ ನೆನಪಿರುತ್ತದೆ? ಅದಕ್ಕೇ ನಾವು ಒಂದು ವಾರದ ಹಿಂದಿನ ಊಟವನ್ನೂ ಕೇಳುವುದು. ಕಟಕ ರೊಟ್ಟಿ, ಮೊಸರು ಹಾಕಿದರೆ ನನ್ನದೇನೂ ತಕರಾರಿಲ್ಲ. ರೊಟ್ಟಿ ಜೊತೆ ನಿನ್ನೆಯ ಪಲ್ಯ ಕಲಸಬೇಡಿ, ಅಷ್ಟೇ.

ಸೂಜಿಯ ವಿಷಯಕ್ಕೆ ಬರುತ್ತೇನೆ. ಸೂಜಿ ಮಾಡದ ಡಾಕ್ಟರ್ ಡಾಕ್ಟರೇ ಅಲ್ಲ ಅನ್ನುವ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿ. ನೋಡಿ, ಯೋಚಿಸಿ, "ಔಷಧ ಬೇಡ, ಎರಡು ದಿನ ಮೆತ್ತಗಿನ ಊಟ ಹಾಕ್ರಿ" ಅಂದರೆ ಫೀಸು ಕೊಡುವಾಗ ಕೈ ಹಿಂದೆ ಸರಿಯುತ್ತದೆ. ಅದೇ ಒಂದು ಬಾಟಲಿ ಸಲಾಯಿನ್ ಏರಿಸಿದರೆ ಖುಷಿ. ಈ ಒತ್ತಡಕ್ಕೆ ಸೋತು ಸ್ಟೀರಾಯ್ಡ್ ಸೂಜಿ ಕೊಡುವವರು ಇದ್ದಾರೆ. ಸ್ಟೀರಾಯ್ಡ್ ಕೊಟ್ಟರೆ ಮಲಗಿದ ನಾಯಿ ಸಂಜೆಗೇ ಎದ್ದು ಊಟ ಮಾಡುತ್ತದೆ, ಬಾಲ ಆಡಿಸುತ್ತದೆ. ಡಾಕ್ಟರ್ ಕೈಗುಣ ಅನ್ನುತ್ತೀರಿ. ಒಳಗಿನ ಸೋಂಕು ಮಾತ್ರ ಬೆಳೆಯುತ್ತಲೇ ಇರುತ್ತದೆ. ರಾಣಿಗೆ ಅಂದು ಅಂಥ ಒಂದು ಸೂಜಿ ಬಿದ್ದಿದ್ದರೆ ನೀವು ನನಗೆ ಪ್ರಶ್ನೆ ಕಳಿಸುತ್ತಿರಲಿಲ್ಲ. ಹುಷಾರಾದಳು ಅಂದುಕೊಂಡು ಸುಮ್ಮನಿರುತ್ತಿದ್ದಿರಿ.

ದುಡ್ಡಿನ ಬಗ್ಗೆ ನೀವು ಕೇಳಿದ್ದು ತಪ್ಪಲ್ಲ. ದುಡ್ಡು ಮಾಡುವವರು ನಮ್ಮಲ್ಲೂ ಇದ್ದಾರೆ. ಗುರುತು ಹಿಡಿಯಲು ಒಂದು ಪ್ರಶ್ನೆ ಸಾಕು: "ಈ ಪರೀಕ್ಷೆ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಒಂದೇ ಚಿಕಿತ್ಸೆ ಅಂದರೆ ಆ ಪರೀಕ್ಷೆ ಇವತ್ತು ಬೇಕಿಲ್ಲ. ರಾಣಿಯ ವಿಷಯದಲ್ಲಿ ಸ್ಕ್ಯಾನಿಂಗ್‌ನಲ್ಲಿ ಕೀವು ಕಂಡರೆ ಆಪರೇಶನ್, ಕಾಣದಿದ್ದರೆ ಸಕ್ಕರೆ, ಕಿಡ್ನಿ ಕಡೆ ನೋಡಬೇಕು. ದಾರಿ ಪೂರ್ತಿ ಬೇರೆ. ಹಾಗಾಗಿ ಅದು ಬೇಕಿತ್ತು. ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು, ನಿಮ್ಮ ಹತ್ತಿರ ಎಷ್ಟಿದೆ ಅಂತ ಬಾಯಿ ಬಿಟ್ಟು ಹೇಳಿ. "ಡಾಕ್ಟ್ರ, ನನ್ನ ಕಡೆ ಇಷ್ಟೇ ಐತಿ, ಇದರಾಗ ಏನ್ ಮಾಡಬಹುದು?" ಅಂತ ಹಳ್ಳಿಯ ಕುರಿಗಾರ ಸಂಕೋಚವಿಲ್ಲದೆ ಕೇಳುತ್ತಾನೆ. ಅವನಿಗೆ ಏನಾದರೊಂದು ದಾರಿ ಹುಡುಕುತ್ತೇವೆ. ಕಾರಿನಲ್ಲಿ ಬಂದವರು ಕೇಳುವುದಿಲ್ಲ. "ಏನ್ ಬೇಕಾದ್ರೂ ಮಾಡ್ರಿ" ಅಂದು ಹೋಗಿ ಮತ್ತೆ ಬರುವುದೇ ಇಲ್ಲ. ಅರ್ಧ ಚಿಕಿತ್ಸೆಯ ನಾಯಿ ಮನೆಯಲ್ಲೇ ನರಳುತ್ತದೆ. ಮೊದಲೇ ಹೇಳಿದ್ದರೆ ಸರಕಾರಿ ಪಶು ಆಸ್ಪತ್ರೆಗೆ ಕಳಿಸಬಹುದಿತ್ತು. ಅಲ್ಲಿ ನಾಯಿ, ಬೆಕ್ಕನ್ನೂ ನೋಡುತ್ತಾರೆ. ಹಳ್ಳಿಯಲ್ಲಿ ದನ ಮಲಗಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಇದು ಗೊತ್ತಿಲ್ಲದವರು ಇನ್ನೂ ಬಹಳ ಜನ.

ನಮ್ಮ ಭಾಗದ ಹೆಮ್ಮೆಯ ನಾಯಿಯ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ, ಪ್ರಶ್ನೆಗೆ ಸಂಬಂಧ ಇಲ್ಲದಿದ್ದರೂ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹಿಮದ ನಾಡಿನ ಹಸ್ಕಿ ನಾಯಿ ತಂದು ಎ.ಸಿ. ಹಾಕುವವರಿದ್ದಾರೆ. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ ನಾಯಿ ಇದೆ. ಘೋರ್ಪಡೆ ಅರಸರು ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಬಿಸಿಲು ತಡೆಯುವ ನಾಯಿ. ತಂದವರ ದೂರು ಮಾತ್ರ ಒಂದೇ: "ಎಷ್ಟ್ ಹಾಕಿದ್ರೂ ಮೈ ಹಿಡಿವಲ್ದುರಿ. ಪಕ್ಕೆಲಬು ಕಾಣತಾವು. ಟಾನಿಕ್ ಬರೀರಿ." ಪಕ್ಕೆಲುಬು ಕಾಣಬೇಕು ಸ್ವಾಮಿ, ಅದು ಓಡುವ ನಾಯಿ! ಅದಕ್ಕೆ ಬೇಕಾದ್ದು ಟಾನಿಕ್ ಅಲ್ಲ, ಓಡಲು ಜಾಗ. ಆಪರೇಶನ್ ಇದ್ದರೆ ತಳಿ ಯಾವುದು ಅಂತ ಮರೆಯದೆ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ಬೇಟೆನಾಯಿಗಳಿಗೆ ಥಯೋಪೆಂಟಾನ್‌ನಂಥ ಅರಿವಳಿಕೆ ಔಷಧ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಬೇಕಾಗುತ್ತದೆ.

ರೈತರು ಎಲ್ಲವನ್ನೂ ಹೇಳುತ್ತಾರೆ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಒಂದನ್ನು ಅವರೂ ಮುಚ್ಚಿಡುತ್ತಾರೆ. ಆಕಳು ಕಂದು ಹಾಕಿದ್ದು, ಅಂದರೆ ತಿಂಗಳು ತುಂಬದೆ ಗಬ್ಬ ಹೋದದ್ದು. ಐದು ತಿಂಗಳು ದಾಟಿದ ಮೇಲೆ ಗಬ್ಬ ಹೋದರೆ ಬ್ರುಸೆಲ್ಲಾ ರೋಗದ ಅನುಮಾನ ಪಡಲೇಬೇಕು. ಆದರೆ ಹೇಳಿದರೆ ಸಂತೆಯಲ್ಲಿ ದರ ಬೀಳುತ್ತದೆ. ಹೇಳದೆ "ಮಾಸು ಬಿದ್ದಿಲ್ಲ, ತೆಗೀರಿ" ಅಂತ ಕರೆಯುತ್ತಾರೆ. ಗೊತ್ತಿಲ್ಲದೆ ಬರಿಗೈ ಹಾಕಿದ ಡಾಕ್ಟರ್‌ಗೆ, ಕಸ ಬಳಿದ ಹೆಣ್ಣುಮಕ್ಕಳಿಗೆ, ಹಸಿ ಹಾಲು ಕುಡಿದ ಮಕ್ಕಳಿಗೆ ರೋಗ ಅಂಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ. ನಮ್ಮ ವೃತ್ತಿಯವರಲ್ಲಿ ಈ ಜ್ವರ ಅನುಭವಿಸಿದವರು ಕಡಿಮೆ ಇಲ್ಲ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಸರಕಾರದ ಕಾರ್ಯಕ್ರಮದಲ್ಲಿ ಲಸಿಕೆ ಹಾಕುತ್ತಾರೆ. ಹಾಕಿಸಿ.

ಇನ್ನೊಂದು ಕಡಿತದ ವಿಷಯ. ನಾಯಿ ಯಾರನ್ನಾದರೂ ಕಚ್ಚಿದೆಯಾ, ಅದನ್ನು ಬೇರೆ ನಾಯಿ ಕಚ್ಚಿದೆಯಾ ಅಂತ ಕೇಳಿದಾಗ ದಯವಿಟ್ಟು ಸುಳ್ಳು ಹೇಳಬೇಡಿ. ಪಕ್ಕದ ಮನೆಯವರ ಜೊತೆ ಜಗಳ ಆಗುತ್ತದೆ ಅಂತ ಮುಚ್ಚಿಡುತ್ತಾರೆ. ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯನಾಗಲಿ, ಪ್ರಾಣಿಯಾಗಲಿ ಬದುಕುವುದಿಲ್ಲ ಅಂತಲೇ ತಿಳಿಯಿರಿ. ಎಮ್ಮೆ ಜೊಲ್ಲು ಸುರಿಸಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ತಿಂಗಳ ಹಿಂದೆ ಹುಚ್ಚುನಾಯಿ ಕಚ್ಚಿದ್ದು ಆಮೇಲೆ ನೆನಪಾಗುತ್ತದೆ. ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಖಾರದಪುಡಿ, ಸುಣ್ಣ ಯಾವುದೂ ಬೇಡ. ನಾಯಿಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಬೂಸ್ಟರ್, ಮುಂದೆ ವರ್ಷ ವರ್ಷ. ಮನೆ ಬಿಟ್ಟು ಹೊರಗೆ ಹೋಗದ ನಾಯಿಗೂ, ಬೆಕ್ಕಿಗೂ ಬೇಕು.

ಡಾಕ್ಟರ್ ಪ್ರಶ್ನೆ ಕೇಳುತ್ತಾರೆ ಅಂತ ದೂರುತ್ತೀರಿ. ಮನೆಯವರು ನಮಗೆ ಕೇಳುವ ಒಂದು ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಮುದಿ ನಾಯಿ, ಕ್ಯಾನ್ಸರ್ ಇದೆ, ಎದ್ದು ನಿಲ್ಲುವುದಿಲ್ಲ. "ನಿಮ್ಮ ನಾಯಿ ಆಗಿದ್ರ ಏನ್ ಮಾಡ್ತಿದ್ರಿ ಸರ್?" ನಾನು ಇದಕ್ಕೆ ನೇರ ಉತ್ತರ ಕೊಡುತ್ತೇನೆ. ಹಾರಿಕೆ ಮಾತು ಹೇಳಿ ಮನೆಯವರ ತಲೆಯ ಮೇಲೆ ಭಾರ ಹೊರಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ತಾನಾಗಿ ಊಟ ಮಾಡುತ್ತದೆಯಾ, ತಾನಾಗಿ ಎದ್ದು ಹೊರಗೆ ಹೋಗುತ್ತದೆಯಾ, ಮನೆಯವರು ಬಂದರೆ ಗುರುತು ತೋರಿಸುತ್ತದೆಯಾ, ನೋವಿಗೆ ಔಷಧ ನಾಟುತ್ತದೆಯಾ. ಇವೆಲ್ಲಕ್ಕೂ ಇಲ್ಲ ಅನ್ನುವ ದಿನ ಬಂದರೆ ನಾನಾದರೆ ದಯಾಮರಣ ಕೊಡಿಸುತ್ತೇನೆ. ಅರಿವಳಿಕೆ ಔಷಧವನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು. ನಿದ್ದೆ ಬಂದ ಹಾಗೆ ಆಗುತ್ತದೆ, ನೋವಿಲ್ಲ. ಆದರೆ ಮನೆ ಬದಲಾಯಿಸುತ್ತಿದ್ದೇವೆ, ಬಾಡಿಗೆ ಮನೆಯವರು ನಾಯಿ ಒಪ್ಪುವುದಿಲ್ಲ, "ಮುಗಿಸಿಬಿಡ್ರಿ" ಅಂತ ಗಟ್ಟಿಮುಟ್ಟಾದ ನಾಯಿ ತಂದರೆ ಮಾಡುವುದಿಲ್ಲ. ಎಷ್ಟು ಕೊಟ್ಟರೂ ಇಲ್ಲ. ಈ ವಿಷಯದಲ್ಲಿ ನನ್ನ ಮಾತು ಒರಟು ಅಂತ ಕೆಲವರಿಗೆ ಬೇಜಾರಿದೆ, ಇರಲಿ.

ಕೊನೆಯದಾಗಿ ನಿಮ್ಮ ಬೆಕ್ಕು. ಬೇರೆ ಡಾಕ್ಟರ್ ಯಾಕೆ ಹುಡುಕುತ್ತೀರಿ? ಇಷ್ಟೊಂದು ಕೇಳುವ ಡಾಕ್ಟರ್ ಸಿಕ್ಕಿದ್ದಾರೆ, ಬಿಡಬೇಡಿ. ಹತ್ತು ಹನ್ನೆರಡು ದಿನಕ್ಕೆ ರಾಣಿಯ ಹೊಲಿಗೆ ಬಿಚ್ಚಿಸಲು ಹೋಗುತ್ತೀರಲ್ಲ, ಆಗ ಬೆಕ್ಕನ್ನೂ ತೋರಿಸಿ, ಲಸಿಕೆ ಹಾಕಿಸಿ. ಊಟ ಹಾಕುವವರೇ ಜೊತೆಗೆ ಹೋಗಲಿ. ಕೆಮ್ಮು, ಕುಂಟು, ಸೆಳೆತ ಏನಾದರೂ ಕಂಡಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿರಿ. ಮನೆಯಲ್ಲಿ ಕುಂಟುವ ಪ್ರಾಣಿ ಕ್ಲಿನಿಕ್ಕಿನ ಭಯಕ್ಕೆ ನೆಟ್ಟಗೆ ನಡೆಯುವುದನ್ನು ದಿನಾ ನೋಡುತ್ತೇನೆ. ಕೊಟ್ಟ ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಬೆಕ್ಕನ್ನು ಕೈಯಲ್ಲಿ ಹಿಡಿದು ಸ್ಕೂಟರಿನ ಮೇಲೆ ತರಬೇಡಿ, ಹಾರ್ನ್ ಸದ್ದಿಗೆ ಜಿಗಿದು ಹೋಗುತ್ತದೆ. ಮುಚ್ಚಳದ ಬುಟ್ಟಿ ಇರಲಿ, ಮೇಲೆ ಹಳೆಯ ಟವೆಲ್ ಹೊದಿಸಿ.

ಗಂಡು ಬೆಕ್ಕು ಅಂದಿರಿ, ಅದಕ್ಕೆ ಒಂದೇ ಎಚ್ಚರಿಕೆ. ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಕೂಗುತ್ತಿದೆ, ಉಚ್ಚೆ ಮಾತ್ರ ಬರುತ್ತಿಲ್ಲ ಅಂದರೆ ಅದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತ ಕೂರಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ಹರಳು ಅಥವಾ ಲೋಳೆ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಬಿಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಹಾಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಡಾಕ್ಟರ್‌ಗೆ ಫೋನ್ ಮಾಡಿ. ಕೊನೆಯ ಸಲ ಉಚ್ಚೆ ಹೊಯ್ದದ್ದನ್ನು ಯಾವಾಗ ನೋಡಿದಿರಿ ಅಂತ ಕೇಳುತ್ತಾರೆ, ಅದನ್ನು ಮೊದಲೇ ಮನೆಯವರನ್ನೆಲ್ಲ ವಿಚಾರಿಸಿಕೊಂಡಿರಿ.